ಶುಂಠಿ ಚಹಾ ಒಡೆದರೆ ಹಾಲನ್ನು ಬೈಯಬೇಡಿ

"ಶುಂಠಿ ಹಾಕಿದ ಕೂಡಲೇ ಹಾಲು ಒಡೆಯಿತು, ಕಲಬೆರಕೆ ಹಾಲೇ ಇರಬೇಕು." ಈ ದೂರಿಗೆ ಕೊನೆಯೇ ಇಲ್ಲ. ಜನ ಹಾಲು ಬದಲಿಸುತ್ತಾರೆ, ಪಾತ್ರೆ ಬದಲಿಸುತ್ತಾರೆ, ಚಿಟಿಕೆ ಅಡುಗೆ ಸೋಡಾ ಹಾಕಿಯೂ ನೋಡುತ್ತಾರೆ. ಶುಂಠಿ ಹಾಕುವ ಹೊತ್ತನ್ನು ಮಾತ್ರ ಬದಲಿಸುವುದಿಲ್ಲ.

ಹಸಿಶುಂಠಿಯಲ್ಲಿ ಜಿಂಜಿಬೈನ್ ಎಂಬ ಕಿಣ್ವವಿದೆ. ಪ್ರೋಟೀನನ್ನು ತುಂಡರಿಸುವುದು ಅದರ ಕೆಲಸ. ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್‌ನ ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುವ ಭಾಗವನ್ನೇ ಅದು ಕತ್ತರಿಸುವುದರಿಂದ ಕಣಗಳು ಗುಂಪುಗೂಡಿ ಹಾಲು ಒಡೆಯುತ್ತದೆ. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಈ ಕಿಣ್ವ ಬಲು ಚುರುಕು, ಕುದಿಯಲ್ಲಿ ಸತ್ತುಹೋಗುತ್ತದೆ. ತಣ್ಣನೆಯ ಹಾಲಿಗೆ ಶುಂಠಿ ತುರಿದು ಹಾಕಿ ಸಣ್ಣ ಉರಿಯಲ್ಲಿಟ್ಟರೆ ಹಾಲು ಕುದಿಗೆ ಬರುವ ಮೊದಲು ಆ 60 ಡಿಗ್ರಿಯನ್ನು ನಿಧಾನವಾಗಿ ದಾಟಲೇಬೇಕು. ಕಿಣ್ವಕ್ಕೆ ಅಷ್ಟು ಹೊತ್ತು ಸಾಕು. "ಆಮೇಲೆ ಚೆನ್ನಾಗಿ ಕುದಿಸಿದೆನಲ್ಲ" ಎನ್ನುತ್ತಾರೆ. ಒಡೆದ ಮೇಲೆ ಕುದಿಸಿ ಏನು ಫಲ?

ಎರಡು ಕಪ್ ಚಹಾಕ್ಕೆ ಸುಮಾರು 5 ಗ್ರಾಂ ಶುಂಠಿ ಸಾಕು. ಜಜ್ಜಿ, ಮೊದಲು ನೀರಿನಲ್ಲಿ ಮೂರು-ನಾಲ್ಕು ನಿಮಿಷ ಕುದಿಸಿ, ಚಹಾಪುಡಿ ಹಾಕಿ, ಹಾಲು ಕೊನೆಗೆ. ಒಲೆ ಆರಿಸಿದ ಮೇಲೆ ಹಸಿ ರಸ ಹಿಂಡಿದರೆ ಮತ್ತೆ ಅದೇ ಕತೆ ಆಗಬಹುದು. ಇಷ್ಟಾದರೂ ಒಡೆದರೆ ಆಗ ಹಾಲನ್ನು ಅನುಮಾನಿಸಿ, ಮೊದಲೇ ಹುಳಿ ತಿರುಗಿರಬಹುದು.

ಶುಂಠಿ ಹಚ್ಚಿಟ್ಟ ಮಾಂಸ ಮೆದುವಾಗುವುದೂ ಇದೇ ಕಿಣ್ವದಿಂದ. ಒಂದೆರಡು ಗಂಟೆ ನೆನೆಸಿದರೆ ಸರಿ, ರಾತ್ರಿಯಿಡೀ ಬಿಟ್ಟರೆ ಹೊರಪದರ ಹಿಟ್ಟಿನಂತಾಗುತ್ತದೆ.

ಕುದಿಸಿದರೆ ಶುಂಠಿಯ ಗುಣ ಹೋಗುತ್ತದೆಂಬ ಭಯ ಕೆಲವರಿಗೆ. ಖಾರ ಕೊಡುವ ಜಿಂಜರಾಲ್ ಬೇರೆ, ಈ ಕಿಣ್ವ ಬೇರೆ. ಬಿಸಿಗೆ ಜಿಂಜರಾಲ್‌ನ ಒಂದಷ್ಟು ಪಾಲು ಇನ್ನೂ ಖಾರವಾದ ಶೋಗಾಲ್ ಆಗುತ್ತದೆ, ಒಣಶುಂಠಿ ಅಷ್ಟು ಚುರುಕಾಗಿರುವುದು ಅದಕ್ಕೇ. ವಾಕರಿಕೆಗೆ ಶುಂಠಿ ನೆರವಾಗುತ್ತದೆ ಎನ್ನಲು ಆಧಾರವಿದೆ. ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸಿದ್ದು ದಿನಕ್ಕೆ ಸುಮಾರು 1 ಗ್ರಾಂ ಒಣಪುಡಿ, ಅದೂ ಎರಡು-ಮೂರು ಸಲಕ್ಕೆ ಹಂಚಿ. ಹಸಿಶುಂಠಿಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುವುದರಿಂದ ಇದು ಹೆಚ್ಚುಕಡಿಮೆ 5 ಗ್ರಾಂ ಹಸಿಶುಂಠಿಗೆ ಸಮ. ಲೋಟಗಟ್ಟಲೆ ಕಷಾಯ ಕುಡಿದರೆ ಮೊದಲು ಬರುವುದು ಎದೆಯುರಿ. ವಾರ್ಫರಿನ್‌ನಂಥ ರಕ್ತ ತೆಳುಗೊಳಿಸುವ ಮಾತ್ರೆ ನುಂಗುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಗರ್ಭಿಣಿಯರು ಅಡುಗೆಯ ಅಳತೆ ಮೀರುವ ಮೊದಲು ತಮ್ಮ ವೈದ್ಯರನ್ನು ಕೇಳಲಿ.