ಪ್ರಪೋಸಲ್ ಬೂಸ್ಟ್ ಮಾಡಿದರೆ ಕೆಲಸ ಸಿಗುತ್ತದೆಯೇ?

ಪ್ರಶ್ನೆ: ಎರಡು ತಿಂಗಳಿನಿಂದ ಅಪ್‌ವರ್ಕ್ ಎಂಬ ಫ್ರೀಲ್ಯಾನ್ಸ್ ಕೆಲಸದ ತಾಣದಲ್ಲಿ ಪ್ರಪೋಸಲ್ (ಕೆಲಸಕ್ಕೆ ಅರ್ಜಿ) ಕಳುಹಿಸುತ್ತಿದ್ದೇನೆ. ಒಂದಕ್ಕೂ ಉತ್ತರ ಬಂದಿಲ್ಲ. ಈಗಿನ ಕಾಲದಲ್ಲಿ ಕನೆಕ್ಟ್ (ಪ್ರಪೋಸಲ್‌ಗಾಗಿ ಅಲ್ಲಿ ತೆರುವ ಟೋಕನ್) ಸುರಿದು ಬೂಸ್ಟ್ ಮಾಡದಿದ್ದರೆ, ಅಂದರೆ ಪ್ರಪೋಸಲನ್ನು ಪಟ್ಟಿಯ ಮೇಲಕ್ಕೆ ಏರಿಸದಿದ್ದರೆ, ಯಾರಿಗೂ ಕೆಲಸ ಸಿಗುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಇದು ನಿಜವೇ? ಎಷ್ಟು ಕನೆಕ್ಟ್ ಹಾಕಿದರೆ ಸಾಕಾಗುತ್ತದೆ?

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ನನಗೆ ಪದೇ ಪದೇ ಬರುತ್ತಿದೆ. ಒಬ್ಬೊಬ್ಬರಿಗೂ ನಾಲ್ಕು ಸಾಲು ಬರೆದು ಕಳುಹಿಸಿದ್ದೇನೆ. ನಾಲ್ಕು ಸಾಲಿನಲ್ಲಿ ಮುಗಿಯುವ ವಿಷಯ ಇದಲ್ಲವಾದ್ದರಿಂದ ಅವರು ಮರುವಾರ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ್ದಾರೆ. ಆದ್ದರಿಂದ ಈ ಸಲ ಬಿಡಿಸಿ ಬರೆಯುತ್ತೇನೆ. ದಯವಿಟ್ಟು ಕೊನೆಯವರೆಗೂ ಓದಿ, ಬೂಸ್ಟ್ ಗುಂಡಿಯನ್ನು ಆಮೇಲೆ ಒತ್ತಿ.

ಮೊದಲು ವ್ಯವಸ್ಥೆ ಹೇಗಿದೆ ಎಂಬುದನ್ನು ನೆನಪು ಮಾಡಿಕೊಳ್ಳೋಣ. ಈಲ್ಯಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ತಾಣಗಳು ಒಂದಾದ ಮೇಲೆ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ಬಂತು. ಅಲ್ಲಿ ಪ್ರಪೋಸಲ್ ಕಳುಹಿಸಲು ಬೇಕಾದ ಕನೆಕ್ಟ್‌ಗಳು ಬಹುಕಾಲ ತಿಂಗಳಿಗಿಷ್ಟು ಎಂದು ಉಚಿತವಾಗಿ ಸಿಗುತ್ತಿದ್ದವು. 2019ರಿಂದ ಒಂದು ಕನೆಕ್ಟ್‌ಗೆ 15 ಸೆಂಟ್ ದರ ನಿಗದಿಯಾಯಿತು. ಬೂಸ್ಟ್ ಬಂದದ್ದು ಅದಕ್ಕಿಂತ ಈಚೆಗೆ. ಪ್ರಪೋಸಲ್‌ಗೆ ಬೇಕಾದ ಮೂಲ ಕನೆಕ್ಟ್‌ಗಳ ಜೊತೆಗೆ ಇನ್ನಷ್ಟನ್ನು ಹರಾಜಿಗೆ ಇಟ್ಟರೆ, ಹೆಚ್ಚು ಇಟ್ಟ ಕೆಲವರ ಪ್ರಪೋಸಲ್‌ಗಳು ಕ್ಲೈಂಟ್ ನೋಡುವ ಪಟ್ಟಿಯ ತಲೆಯಲ್ಲಿ, ಬೂಸ್ಟ್ ಆಗಿದೆ ಎಂಬ ಗುರುತಿನೊಂದಿಗೆ ಕಾಣಿಸಿಕೊಳ್ಳುತ್ತವೆ. ಸದ್ಯ ಮೇಲಿರುವವರು ಎಷ್ಟೆಷ್ಟು ಇಟ್ಟಿದ್ದಾರೆ ಎಂಬುದು ನೀವು ಪ್ರಪೋಸಲ್ ಬರೆಯುವ ಪುಟದಲ್ಲಿಯೇ ತೋರುತ್ತದೆ. ನಿಮಗಿಂತ ಹೆಚ್ಚು ಇಟ್ಟವರು ಬಂದು ನಿಮ್ಮ ಸ್ಥಾನ ಹೋದರೆ ಬೂಸ್ಟ್‌ಗೆ ಇಟ್ಟದ್ದು ಹಿಂದಿರುಗುತ್ತದೆ, ಆದರೆ ಮೂಲ ಕನೆಕ್ಟ್‌ಗಳು ಖರ್ಚಾದಂತೆಯೇ.

ಈಗ ಆ ಹಠಮಾರಿ ನಂಬಿಕೆಗೆ ಬರುತ್ತೇನೆ. ಹರಾಜಿನಲ್ಲಿ ಗೆದ್ದರೆ ಕೆಲಸ ಗೆದ್ದಂತೆ, ಕೆಲಸ ಸಿಗಲಿಲ್ಲವೆಂದರೆ ಇಟ್ಟದ್ದು ಕಡಿಮೆಯಾಯಿತೆಂದೇ ಅರ್ಥ ಎಂಬುದು ಆ ನಂಬಿಕೆ. ಇದನ್ನು ಹೇಳುವವರು ಬುದ್ಧಿವಂತರು, ಒಳ್ಳೆಯ ಕೋಡ್ ಬರೆಯುವವರು, ಚೆನ್ನಾಗಿ ಚಿತ್ರ ಬಿಡಿಸುವವರು. ತಪ್ಪಿನ ಬೇರು ‘ಹರಾಜು’ ಎಂಬ ಮಾತಿನಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಅಡಿಕೆ ಮಂಡಿಯ ಟೆಂಡರಿನಲ್ಲಿ ಹೆಚ್ಚು ದರ ಬರೆದವರ ಕೈಗೆ ಮಾಲು ಬರುತ್ತದೆ. ನಮ್ಮ ಮನಸ್ಸಿನಲ್ಲಿ ಹರಾಜು ಎಂದರೆ ಅದು. ಬೂಸ್ಟ್ ಹೋಲುವುದು ಜಾತ್ರೆಯಲ್ಲಿ ಅಂಗಡಿ ಜಾಗಕ್ಕೆ ನಡೆಯುವ ಹರಾಜನ್ನು. ದೇವಸ್ಥಾನದ ಎದುರಿನ ಜಾಗ ಹಿಡಿದ ಬಳೆ ವ್ಯಾಪಾರಿಯ ಮುಂದೆ ಬಂದ ಜನರೆಲ್ಲ ಹಾದುಹೋಗುತ್ತಾರೆ, ಅಷ್ಟಂತೂ ಖಚಿತ. ನಿಂತು ಕೈಗೆ ಬಳೆ ಏರಿಸಿಕೊಳ್ಳುತ್ತಾರೆಯೇ ಇಲ್ಲವೇ ಎಂಬುದು ಬಳೆಯನ್ನೂ ಅದರ ಬೆಲೆಯನ್ನೂ ಅವಲಂಬಿಸಿದೆ. ಜಾಗದ ಹರಾಜನ್ನು ಮಾಲಿನ ಹರಾಜೆಂದು ತಿಳಿದವರು ಪ್ರತಿ ವರ್ಷವೂ ಹೆಚ್ಚು ಹೆಚ್ಚು ಕೂಗುತ್ತ ಹೋಗುತ್ತಾರೆ.

ನೀವು ಕೆಲಸ ಕೊಡುವವರ ಜಾಗದಲ್ಲಿ ಒಂದು ನಿಮಿಷ ಕುಳಿತು ನೋಡಿ. ಅವರಿಗೆ ನಿಮ್ಮ ಹೆಸರು, ಚಿತ್ರ, ದರ, ಹಿಂದಿನ ಗಳಿಕೆ, ಯಶಸ್ಸಿನ ಅಂಕ ಮತ್ತು ನಿಮ್ಮ ಪತ್ರದ ಮೊದಲ ಒಂದೆರಡು ಸಾಲು ಕಾಣುತ್ತವೆ. ಆ ಎರಡು ಸಾಲು “ಗೌರವಾನ್ವಿತರೇ, ನಿಮ್ಮ ಜಾಹೀರಾತನ್ನು ಗಮನವಿಟ್ಟು ಓದಿದ್ದೇನೆ, ನನಗೆ ಐದು ವರ್ಷಗಳ ಅನುಭವವಿದೆ” ಎಂದಿದ್ದರೆ, ಅದನ್ನು ಹದಿನೇಳನೆಯ ಸ್ಥಾನದಿಂದ ಮೊದಲನೆಯ ಸ್ಥಾನಕ್ಕೆ ಎತ್ತಿ ಇಟ್ಟದ್ದರ ಫಲವೇನು? ಮೊದಲಿಗೇ ಓದುತ್ತಾರೆ, ಮೊದಲಿಗೇ ಬಿಟ್ಟು ಮುಂದೆ ಹೋಗುತ್ತಾರೆ. ಇದಲ್ಲದೆ ಕ್ಲೈಂಟ್‌ಗಳು ತಾವಾಗಿಯೇ ಹುಡುಕಿ ಆಹ್ವಾನಿಸಿದ ಫ್ರೀಲ್ಯಾನ್ಸರ್‌ಗಳು, ಹಿಂದೆ ಆ ಕ್ಲೈಂಟ್‌ಗಳಿಗೆ ಕೆಲಸ ಮಾಡಿಕೊಟ್ಟವರು ಇದ್ದೇ ಇರುತ್ತಾರೆ. ಅವರ ಜೊತೆ ಮಾತುಕತೆ ಶುರುವಾಗಿದ್ದರೆ ನಿಮ್ಮ ಮೊದಲ ಸ್ಥಾನ ಖಾಲಿ ಮನೆಯ ಮುಂದಿನ ರಂಗೋಲಿಯಷ್ಟೇ.

ಈ ಕೊನೆಯ ಮಾತನ್ನು ನಾನು ದುಡ್ಡು ಕೊಟ್ಟು ಕಲಿತದ್ದು. ತಾಂತ್ರಿಕ ಬರವಣಿಗೆ ನನ್ನ ಕಸುಬು. ಒಮ್ಮೆ ಬಹಳ ಇಷ್ಟವಾದ ಒಂದು ಕೆಲಸಕ್ಕೆ ಎಲ್ಲರಿಗಿಂತ ಹೆಚ್ಚು ಕನೆಕ್ಟ್ ಇಟ್ಟು ಮೇಲಿನ ಸ್ಥಾನ ಹಿಡಿದೆ. ಆ ಪ್ರಕಟಣೆಯ ಕೆಳಗೇ ಆಗಲೇ ನಾಲ್ವರೊಂದಿಗೆ ಸಂದರ್ಶನ ನಡೆಯುತ್ತಿದೆ ಎಂದು ಬರೆದಿತ್ತು. ಆಸೆಯ ಭರದಲ್ಲಿ ನಾನು ಅದನ್ನು ಓದಿರಲಿಲ್ಲ. ಪ್ರಪೋಸಲ್ ಸಂಖ್ಯೆ, ಸಂದರ್ಶನದಲ್ಲಿರುವವರ ಸಂಖ್ಯೆ, ಕಳುಹಿಸಿದ ಆಹ್ವಾನಗಳು, ಕ್ಲೈಂಟ್ ಕೊನೆಯ ಬಾರಿ ನೋಡಿದ ಸಮಯ, ಅವರ ಹಣಪಾವತಿ ದೃಢೀಕರಣ, ಹಿಂದೆ ಪ್ರಕಟಿಸಿದ ಕೆಲಸಗಳಲ್ಲಿ ಎಷ್ಟಕ್ಕೆ ಜನರನ್ನು ತೆಗೆದುಕೊಂಡರು ಎಂಬ ಶೇಕಡಾವಾರು ಎಲ್ಲವೂ ಆ ಪುಟದಲ್ಲಿ ಇರುತ್ತವೆ. ಹತ್ತು ಕೆಲಸ ಪ್ರಕಟಿಸಿ ಎರಡಕ್ಕೆ ಮಾತ್ರ ಜನರನ್ನು ತೆಗೆದುಕೊಂಡಿರುವ ಕ್ಲೈಂಟ್‌ನ ಪಟ್ಟಿಯಲ್ಲಿ ಮೊದಲಿಗರಾಗಲು ಹಣ ಕೊಡುವುದು ಏಕೆ ಎಂದು ನಾನು ಕೇಳಿದಾಗ ಯಾರೂ ಸಮರ್ಪಕ ಉತ್ತರ ಕೊಟ್ಟಿಲ್ಲ.

“ಆದರೆ ನಾನು ಬೂಸ್ಟ್ ಮಾಡಿದ ಕೆಲಸ ನನಗೆ ಸಿಕ್ಕಿತಲ್ಲ” ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರು ಎಂತಹ ಕೆಲಸಕ್ಕೆ ಬೂಸ್ಟ್ ಮಾಡಿದರು ಎಂದು ಕೇಳಬೇಕು. ತಮಗೆ ಹೇಳಿ ಮಾಡಿಸಿದಂತಿರುವ ಕೆಲಸವನ್ನು ಆರಿಸಿ, ಅದಕ್ಕೆ ಒಂದು ಗಂಟೆ ಕುಳಿತು ಪತ್ರ ಬರೆದು, ಹೊಂದುವ ಹಳೆಯ ಕೆಲಸದ ಮಾದರಿಗಳನ್ನು ಜೋಡಿಸಿ, ಆಮೇಲೆ ಬೂಸ್ಟ್ ಮಾಡಿದರು. ಉಳಿದವನ್ನು ಹತ್ತು ನಿಮಿಷಕ್ಕೊಂದರಂತೆ ಕಳುಹಿಸಿದರು. ಇದು ನೀರು ಚೆನ್ನಾಗಿ ನಿಲ್ಲುವ ಗದ್ದೆಗೆ ಮಾತ್ರ ಹೊಸ ಗೊಬ್ಬರ ಹಾಕಿ, ಬಂದ ಇಳುವರಿಯನ್ನೆಲ್ಲ ಗೊಬ್ಬರದ ಲೆಕ್ಕಕ್ಕೆ ಬರೆದಂತಾಯಿತು. ಗೊಬ್ಬರದ ಗುಣ ತಿಳಿಯಬೇಕಾದರೆ ಒಂದೇ ಬಗೆಯ ಗದ್ದೆಯ ಅರ್ಧಕ್ಕೆ ಹಾಕಿ ಅರ್ಧವನ್ನು ಬಿಡಬೇಕು.

ಹೆಚ್ಚು ಕೂಗುವುದರಲ್ಲಿ ಇನ್ನೊಂದು ಅಪಾಯವಿದೆ. 1971ರಲ್ಲಿ ಕೇಪನ್, ಕ್ಲ್ಯಾಪ್, ಕ್ಯಾಂಪ್‌ಬೆಲ್ ಎಂಬ ಅಮೆರಿಕದ ಮೂವರು ತೈಲ ಎಂಜಿನಿಯರುಗಳು, ಸಮುದ್ರದಡಿಯ ತೈಲ ನಿಕ್ಷೇಪದ ಹರಾಜುಗಳಲ್ಲಿ ಗೆದ್ದ ಕಂಪನಿಗಳಿಗೆ ಏಕೆ ನಿರೀಕ್ಷಿಸಿದಷ್ಟು ಲಾಭ ಬರುತ್ತಿಲ್ಲ ಎಂಬುದನ್ನು ವಿವರಿಸಿದರು. ನೆಲದಡಿ ಎಷ್ಟು ತೈಲವಿದೆ ಎಂದು ಎಲ್ಲರೂ ಊಹಿಸುತ್ತಾರೆ, ಎಲ್ಲರಿಗಿಂತ ಹೆಚ್ಚಾಗಿ ಊಹಿಸಿದವರು ಹರಾಜು ಗೆಲ್ಲುತ್ತಾರೆ, ಎಲ್ಲರಿಗಿಂತ ಹೆಚ್ಚಿನ ಊಹೆ ಬಹುತೇಕ ತಪ್ಪಾಗಿರುತ್ತದೆ. ಇದಕ್ಕೆ ಗೆದ್ದವರ ಶಾಪ ಎಂಬ ಹೆಸರಿದೆ. ಬೂಸ್ಟ್‌ನಲ್ಲಿಯೂ ಪ್ರತಿಯೊಬ್ಬರೂ ಊಹಿಸುವುದು ಆ ಕೆಲಸ ತಮಗೇ ಸಿಗುವ ಸಾಧ್ಯತೆಯನ್ನು. ತಮ್ಮ ಸಾಧ್ಯತೆಯನ್ನು ಅತಿಯಾಗಿ ಎಣಿಸಿದವರೇ ಅತಿ ಹೆಚ್ಚು ಇಡುತ್ತಾರೆ, ಮೇಲಿನ ಸ್ಥಾನವೂ ಅವರಿಗೇ ಹೋಗುತ್ತದೆ.

ಇನ್ನು ಲೆಕ್ಕ. ಈ ಲೆಕ್ಕವನ್ನು ಒಮ್ಮೆಯಾದರೂ ಕಾಗದದ ಮೇಲೆ ಮಾಡಿದ ಓದುಗರು ಮತ್ತೆ ನನಗೆ ಈ ಪ್ರಶ್ನೆ ಕೇಳಿಲ್ಲ ಎಂಬುದನ್ನು ಸಂತೋಷದಿಂದ ಹೇಳುತ್ತೇನೆ. ಒಂದು ಪ್ರಪೋಸಲ್‌ಗೆ 16 ಕನೆಕ್ಟ್ ಬೇಕೆಂದು ಇಟ್ಟುಕೊಳ್ಳೋಣ, ಅದು 2.40 ಡಾಲರ್. ಜಿಎಸ್‌ಟಿ ನೋಂದಣಿ ಇಲ್ಲದ ಭಾರತೀಯರಿಗೆ ಅದರ ಮೇಲೆ ಶೇಕಡಾ 18 ತೆರಿಗೆ ಸೇರುತ್ತದೆ, ಒಟ್ಟು 2.83 ಡಾಲರ್. ಅದಕ್ಕೆ 50 ಕನೆಕ್ಟ್ ಬೂಸ್ಟ್ ಸೇರಿಸಿದರೆ 66 ಕನೆಕ್ಟ್, ತೆರಿಗೆ ಸಹಿತ 11.68 ಡಾಲರ್. ಬೂಸ್ಟ್ ಇಲ್ಲದೆ ಇಪ್ಪತ್ತಕ್ಕೆ ಒಂದು ಕೆಲಸ ಸಿಗುತ್ತಿದ್ದು, ಬೂಸ್ಟ್‌ನಿಂದ ಅದು ಹತ್ತಕ್ಕೆ ಒಂದಾಗುತ್ತದೆ ಎಂದು ಉದಾರವಾಗಿಯೇ ಊಹಿಸೋಣ. ಆಗ ಒಂದು ಕೆಲಸ ಹಿಡಿಯಲು ಮೊದಲ ದಾರಿಯಲ್ಲಿ ಸುಮಾರು 57 ಡಾಲರ್, ಎರಡನೆಯ ದಾರಿಯಲ್ಲಿ ಸುಮಾರು 117 ಡಾಲರ್ ಖರ್ಚಾಗುತ್ತದೆ. ಯಶಸ್ಸು ಎರಡು ಪಟ್ಟಾಗಿದೆ, ಒಂದೊಂದು ಪ್ರಪೋಸಲ್‌ನ ಖರ್ಚು ನಾಲ್ಕು ಪಟ್ಟಿಗಿಂತ ಹೆಚ್ಚಾಗಿದೆ. ಸಿಕ್ಕ ಕೆಲಸ 150 ಡಾಲರಿನದ್ದಾಗಿದ್ದು, ತಾಣದ ಶುಲ್ಕ ಶೇಕಡಾ 10 ಎಂದು ಹಿಡಿದರೆ ಕೈಗೆ ಬರುವುದು 135. ಅದರಲ್ಲಿ ಬೂಸ್ಟ್ ಇಲ್ಲದವರಿಗೆ 78 ಡಾಲರ್ ಉಳಿದರೆ ಬೂಸ್ಟ್ ಮಾಡಿದವರಿಗೆ ಉಳಿಯುವುದು 18. ಶುಲ್ಕವೂ ಈಗ ಒಂದೇ ದರದ್ದಲ್ಲ. 2023ರಲ್ಲಿ ಎಲ್ಲರಿಗೂ ಶೇಕಡಾ 10 ಆಗಿದ್ದದ್ದು 2025ರ ಮೇ ತಿಂಗಳಿನಿಂದ ಹೊಸ ಒಪ್ಪಂದಗಳಿಗೆ ಸೊನ್ನೆಯಿಂದ 15ರವರೆಗೆ ಬದಲಾಗುತ್ತದೆ, ಆದ್ದರಿಂದ ನಿಮ್ಮ ಲೆಕ್ಕದಲ್ಲಿ ನಿಮಗೆ ತೋರಿಸಿದ ದರವನ್ನೇ ಹಾಕಿಕೊಳ್ಳಿ.

ಇಷ್ಟಕ್ಕೆ ನಿಲ್ಲಿಸಿದರೆ ಅನ್ಯಾಯವಾಗುತ್ತದೆ, ಏಕೆಂದರೆ ಸಮಯಕ್ಕೂ ಬೆಲೆಯಿದೆ. ಒಂದು ಪ್ರಪೋಸಲ್‌ಗೆ ಅರ್ಧ ಗಂಟೆ ಹಿಡಿಯುತ್ತದೆಂದರೆ ಇಪ್ಪತ್ತಕ್ಕೆ ಹತ್ತು ಗಂಟೆ, ಹತ್ತಕ್ಕೆ ಐದು ಗಂಟೆ. ಹೆಚ್ಚಾಗಿ ಕೊಟ್ಟ 60 ಡಾಲರಿಗೆ ಐದು ಗಂಟೆ ಉಳಿದಿದೆ, ಅಂದರೆ ಗಂಟೆಗೆ 12 ಡಾಲರ್. ಗಂಟೆಗೆ 40 ಡಾಲರ್ ದುಡಿಯುವ, ಕೈತುಂಬ ಕೆಲಸವಿರುವ ಅನುಭವಿಗೆ ಇದು ಲಾಭದ ವ್ಯವಹಾರ. ಈಗ ತಾನೇ ಶುರುಮಾಡಿರುವ, ಸಮಯವಿದ್ದು ಹಣವಿಲ್ಲದ ಹೊಸಬರಿಗೆ ನಷ್ಟ. ಬೂಸ್ಟ್ ಮಾಡಲೇಬೇಕೆಂಬ ಒತ್ತಾಯ ಹೆಚ್ಚಾಗಿ ಕೇಳಿಸುವುದು ಹೊಸಬರ ಕಿವಿಗೇ ಎಂಬುದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಕೆಲಸದ ಮೊತ್ತ 150ರ ಬದಲು 2000 ಡಾಲರ್ ಆದರೆ 57ಕ್ಕೂ 117ಕ್ಕೂ ಇರುವ ಅಂತರ ಗಣನೆಗೇ ಬರುವುದಿಲ್ಲ. ಎಷ್ಟು ಕನೆಕ್ಟ್ ಸಾಕು ಎಂಬ ನಿಮ್ಮ ಪ್ರಶ್ನೆಗೆ ಒಂದೇ ಅಂಕಿ ಇಲ್ಲದಿರುವುದು ಈ ಕಾರಣಕ್ಕೆ.

ನಿಮ್ಮದೇ ಸಂದರ್ಭಕ್ಕೆ ಬರೋಣ. ನಿಮ್ಮ ಖಾತೆಯ ಮೈ ಸ್ಟ್ಯಾಟ್ಸ್ ಪುಟದಲ್ಲಿ ಕಳುಹಿಸಿದ ಪ್ರಪೋಸಲ್ ಎಷ್ಟು, ಅವುಗಳಲ್ಲಿ ಕ್ಲೈಂಟ್ ತೆರೆದು ನೋಡಿದ್ದು ಎಷ್ಟು, ಸಂದರ್ಶನಕ್ಕೆ ಹೋದದ್ದು ಎಷ್ಟು ಎಂಬ ಲೆಕ್ಕವಿದೆ. ನಲವತ್ತರಲ್ಲಿ ಹದಿನೈದನ್ನು ನೋಡಿಯೂ ಒಬ್ಬರೂ ಉತ್ತರಿಸಿಲ್ಲವೆಂದರೆ ನಿಮ್ಮ ತೊಂದರೆ ಸ್ಥಾನದ್ದಲ್ಲ, ಪತ್ರದ್ದು ಅಥವಾ ಪ್ರೊಫೈಲಿನದ್ದು. ಬೂಸ್ಟ್ ಮಾಡಿದರೆ ಅದೇ ಪತ್ರವನ್ನು ಇನ್ನಷ್ಟು ಜನ ನೋಡಿ ಬಿಡುತ್ತಾರೆ. ನೋಡಿದ್ದೇ ಮೂರೋ ನಾಲ್ಕೋ ಆಗಿದ್ದರೆ, ಆಗ ಸ್ಥಾನಕ್ಕೆ ಹಣ ಕೊಡುವುದರಲ್ಲಿ ಅರ್ಥವಿದೆ. ಒಂದಕ್ಕೂ ಉತ್ತರ ಬಂದಿಲ್ಲ ಎಂದಷ್ಟೇ ನೀವು ಬರೆದಿದ್ದೀರಿ, ಎಷ್ಟನ್ನು ತೆರೆದು ನೋಡಿದ್ದಾರೆ ಎಂಬುದನ್ನು ಬರೆದಿಲ್ಲ. ನಿಮ್ಮ ಪ್ರಶ್ನೆಯ ಉತ್ತರ ಇರುವುದು ಆ ಅಂಕಿಯಲ್ಲಿ.

ಬೇರೆ ತಾಣಗಳಲ್ಲಿಯೂ ತತ್ತ್ವ ಇದೇ, ಹಣ ಹೋಗುವ ಬಾಗಿಲು ಮಾತ್ರ ಬೇರೆ. ಫ್ರೀಲ್ಯಾನ್ಸರ್ ಡಾಟ್ ಕಾಮ್‌ನಲ್ಲಿ ಬಿಡ್ ಅನ್ನು (ಅಲ್ಲಿ ಪ್ರಪೋಸಲ್‌ಗೆ ಇರುವ ಹೆಸರು) ಪ್ರಾಯೋಜಿತಗೊಳಿಸಿ ಮೇಲಕ್ಕೆ ತರಬಹುದು. ಫೈವರ್‌ನಲ್ಲಿ ಗಿಗ್ ಅನ್ನು (ಬೆಲೆ ಹಾಕಿ ನೀವೇ ಪ್ರಕಟಿಸಿದ ಸೇವೆಯನ್ನು) ಪ್ರಚಾರ ಮಾಡಿದರೆ ಪ್ರತಿ ಕ್ಲಿಕ್‌ಗೆ ಹಣ ಹೋಗುತ್ತದೆ; ಅಲ್ಲಿ ತಾಣದ ಪಾಲು ಶೇಕಡಾ 20 ಇರುವುದರಿಂದ ಸಣ್ಣ ಬೆಲೆಯ ಗಿಗ್‌ಗೆ ಪ್ರಚಾರದ ಖರ್ಚು ಹೊರೆಯಾಗುತ್ತದೆ.

ಯಾರೂ ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯ ಇದಕ್ಕೆ ಅಂಟಿಕೊಂಡಿದೆ. ಈ ಕನೆಕ್ಟ್ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯಬಹುದೆಂದು ಅನೇಕರು ಧೈರ್ಯವಾಗಿ ಬೂಸ್ಟ್ ಮಾಡುತ್ತಾರೆ. 44ಎಡಿಎ ಎಂದೇ ಎಲ್ಲರ ಬಾಯಲ್ಲಿರುವ ಅಂದಾಜು ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ವೃತ್ತಿಪರರಿಗೆ ಒಟ್ಟು ಸ್ವೀಕೃತಿಯ ಅರ್ಧವನ್ನು ಆದಾಯವೆಂದು ಎಣಿಸಲಾಗುತ್ತದೆ. ಉಳಿದರ್ಧದಲ್ಲಿ ಕನೆಕ್ಟ್, ಇಂಟರ್ನೆಟ್, ಲ್ಯಾಪ್‌ಟಾಪ್ ಎಲ್ಲವೂ ಅಡಗಿದೆ ಎಂದು ಕಾನೂನು ಭಾವಿಸುತ್ತದೆ. ನೀವು ತಿಂಗಳಿಗೆ 10 ಡಾಲರ್ ಬೂಸ್ಟ್ ಮಾಡಿದರೂ 200 ಡಾಲರ್ ಮಾಡಿದರೂ ಕಟ್ಟುವ ತೆರಿಗೆ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಲೆಕ್ಕಪುಸ್ತಕ ಇಟ್ಟು ನಿಜವಾದ ಲಾಭ ತೋರಿಸುವವರಿಗೆ ಮಾತ್ರ ಇದು ಕಳೆಯಬಹುದಾದ ವೃತ್ತಿಯ ಖರ್ಚು, ಅದಕ್ಕೆ ಪ್ರತಿ ಖರೀದಿಯ ರಸೀದಿ ಬೇಕು. ತಾಣದ ಶುಲ್ಕ ಕಳೆದು ಬ್ಯಾಂಕಿಗೆ ಬಂದ ಮೊತ್ತವನ್ನೇ ಒಟ್ಟು ಸ್ವೀಕೃತಿಯೆಂದು ಬರೆಯುವುದೂ ತಪ್ಪು. ಕ್ಲೈಂಟ್ ಕೊಟ್ಟ ಪೂರ್ತಿ ಮೊತ್ತದಿಂದ ಲೆಕ್ಕ ಶುರುವಾಗಬೇಕು.

ಹೇಗೂ ರಸೀದಿ ತೆಗೆದಿಡುತ್ತೀರಾದ್ದರಿಂದ ಅದರ ಪಕ್ಕದಲ್ಲಿಯೇ ಒಂದು ಹಾಳೆ ಇಡಿ. ಮುಂದಿನ ಇಪ್ಪತ್ತು ಪ್ರಪೋಸಲ್‌ಗಳನ್ನು ಒಂದೇ ಬಗೆಯ ಕೆಲಸಗಳಿಗೆ, ಒಂದೇ ಶ್ರದ್ಧೆಯಿಂದ ಬರೆದು, ಒಂದು ಬಿಟ್ಟು ಒಂದಕ್ಕೆ ಬೂಸ್ಟ್ ಮಾಡಿ. ತೆರೆದು ನೋಡಿದರೇ, ಉತ್ತರಿಸಿದರೇ, ಎಷ್ಟು ಕನೆಕ್ಟ್ ಹೋಯಿತು ಎಂಬ ಮೂರನ್ನು ಬರೆಯುತ್ತ ಬನ್ನಿ. ಹಾಳೆ ತುಂಬಿದ ಮೇಲೆ ಅದನ್ನು ನನಗೂ ಕಳುಹಿಸಿ, ಇಬ್ಬರೂ ಕೂಡಿ ನೋಡೋಣ.