ಬುಲ್‌ಪೆನ್ ತೀರ್ಮಾನ ಮತ್ತು ಪಿಚರ್‌ನ ಮೊಣಕೈ: 2012ರ ವಾಷಿಂಗ್ಟನ್ ವಾದವನ್ನು ಓದುವ ಬಗೆ

ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳ ನಡುವೆ ವರ್ಷಗಟ್ಟಲೆ ತಣಿಯದ ವಾದಗಳು ಎರಡು. ಬದಲಿ ಪಿಚರ್‌ಗಳು (ಚೆಂಡು ಎಸೆಯುವವರು) ಕಾಯುವ ಬುಲ್‌ಪೆನ್‌ನಿಂದ ಯಾರನ್ನು, ಯಾವ ಹೊತ್ತಿನಲ್ಲಿ ಕರೆಸಬೇಕಿತ್ತು ಎಂಬುದು ಒಂದು. ಗಾಯದ ಭಯವಿರುವ ತಾರಾ ಪಿಚರ್‌ನನ್ನು ಎಷ್ಟು ಆಡಿಸಬೇಕಿತ್ತು ಎಂಬುದು ಇನ್ನೊಂದು. ಇವನ್ನು ಬೇರೆ ಬೇರೆ ವಿಷಯಗಳೆಂದು ಓದುವುದೇ ರೂಢಿ. ಆದರೆ ಎರಡರಲ್ಲಿಯೂ ಕೇಳುತ್ತಿರುವ ಪ್ರಶ್ನೆ ಒಂದೇ: ದಣಿಯುವ, ಹರಿಯುವ ಸ್ವಭಾವದ ಒಂದು ತೋಳಿನಿಂದ ಇಂದು ಎಷ್ಟು ಎಸೆತಗಳನ್ನು ಪಡೆಯಬಹುದು, ನಾಳೆಗೆ ಎಷ್ಟನ್ನು ಉಳಿಸಬೇಕು? ವಾಷಿಂಗ್ಟನ್ ನ್ಯಾಷನಲ್ಸ್ ತಂಡದ 2012ರ ಋತುವಿನಲ್ಲಿ ಎರಡೂ ವಾದಗಳು ಒಂದೇ ಕಡೆ ಬಂದು ಕೂಡಿದ್ದರಿಂದ, ಈ ಟಿಪ್ಪಣಿಯಲ್ಲಿ ಅದನ್ನೇ ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಮೊದಲು ತಿಳಿದಿರಬೇಕಾದ ನಿಯಮಗಳು

ಕ್ರಿಕೆಟ್ ಬಲ್ಲ ನಮಗೆ ಇಲ್ಲಿ ತೊಡಕಾಗುವ ನಿಯಮ ಒಂದೇ ಒಂದು. ಕ್ರಿಕೆಟ್‌ನಲ್ಲಿ ನಾಯಕನು ವೇಗದ ಬೌಲರ್‌ಗೆ ಐದು ಓವರ್ ಕೊಟ್ಟು, ವಿಶ್ರಾಂತಿ ನೀಡಿ, ಸಂಜೆಗೆ ಮತ್ತೆ ಚೆಂಡು ಕೊಡಬಹುದು. ಬೇಸ್‌ಬಾಲ್‌ನಲ್ಲಿ ಪಂದ್ಯದಿಂದ ಹೊರಗೆ ಕರೆಸಿದ ಪಿಚರ್ ಆ ದಿನ ಮತ್ತೆ ಮೈದಾನಕ್ಕೆ ಇಳಿಯುವಂತಿಲ್ಲ. ಹಾಗಾಗಿ ಪಂದ್ಯದ ತೀರ್ಮಾನಗಳನ್ನು ಮಾಡುವ ಮ್ಯಾನೇಜರ್, ತಂಡ ಕೂರುವ ಡಗ್‌ಔಟ್‌ನಿಂದ ಎದ್ದು ಪಿಚರ್‌ನ ಕೈಯಿಂದ ಚೆಂಡು ತೆಗೆದುಕೊಳ್ಳುವ ಪ್ರತಿಯೊಂದು ತೀರ್ಮಾನವೂ ಹಿಂದೆಗೆದುಕೊಳ್ಳಲಾಗದ ತೀರ್ಮಾನ.

ಒಂಬತ್ತು ಇನ್ನಿಂಗ್ಸ್‌ಗಳ ಪಂದ್ಯವನ್ನು ಆರಂಭಿಸುವ ಸ್ಟಾರ್ಟರ್ ಸಾಮಾನ್ಯವಾಗಿ ಐದು ದಿನಗಳಿಗೊಮ್ಮೆ ಆಡುತ್ತಾನೆ. ಅವನ ನಂತರ ಬರುವ ರಿಲೀವರ್‌ಗಳು ಮೈದಾನದ ಅಂಚಿನಲ್ಲಿರುವ ಬುಲ್‌ಪೆನ್‌ನಲ್ಲಿ ಕುಳಿತಿರುತ್ತಾರೆ. ಡಗ್‌ಔಟ್‌ನಿಂದ ಫೋನ್ ಬಂದಾಗ ಎದ್ದು ತೋಳು ಬಿಸಿ ಮಾಡಿಕೊಳ್ಳುತ್ತಾರೆ. ಬಿಸಿ ಮಾಡಿಕೊಂಡರೂ ಕೆಲವೊಮ್ಮೆ ಪಂದ್ಯಕ್ಕೆ ಕರೆ ಬರುವುದಿಲ್ಲ. ಆ ಎಸೆತಗಳು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ತೋಳಿನ ದಣಿವಿನಲ್ಲಿ ಮಾತ್ರ ಉಳಿಯುತ್ತವೆ. ಅಭಿಮಾನಿಗಳ ವಾದದಲ್ಲಿ ತಪ್ಪಿಹೋಗುವ ಲೆಕ್ಕಗಳಲ್ಲಿ ಇದು ಮೊದಲನೆಯದು. ಕೊನೆಯ ಇನ್ನಿಂಗ್ಸ್‌ನಲ್ಲಿ ಅಲ್ಪ ಮುನ್ನಡೆಯನ್ನು ಕಾಯುವ ರಿಲೀವರ್‌ನನ್ನು ಕ್ಲೋಸರ್ ಎನ್ನುತ್ತಾರೆ. ಅವನ ಕೆಲಸವನ್ನು ಅಳೆಯುವ ‘ಸೇವ್’ 1969ರಲ್ಲಿ ಅಧಿಕೃತ ಅಂಕಿಯಾಯಿತು. ಮುನ್ನಡೆ ಇದ್ದಾಗ ಮಾತ್ರ ಸೇವ್ ಸಿಗುತ್ತದೆ, ಸಮಬಲದಲ್ಲಿದ್ದಾಗ ಸಿಗುವುದಿಲ್ಲ ಎಂಬುದನ್ನು ನೆನಪಿನಲ್ಲಿಡಿ.

ಇನ್ನೊಂದು ಅಂಶ. ಒಬ್ಬ ಪಿಚರ್‌ನನ್ನು ಒಂದೇ ಪಂದ್ಯದಲ್ಲಿ ಮೂರನೆಯ ಸಲ ಎದುರಿಸುವಾಗ ಬ್ಯಾಟರ್‌ಗಳು ಮೊದಲಿಗಿಂತ ಚೆನ್ನಾಗಿ ಆಡುತ್ತಾರೆ ಎಂಬುದು ಅಂಕಿಅಂಶಗಳಿಂದ ಸ್ಥಿರಪಟ್ಟಿದೆ. ಚೆನ್ನಾಗಿ ಎಸೆಯುತ್ತಿರುವ ಸ್ಟಾರ್ಟರ್‌ನನ್ನು ಆರನೆಯ ಇನ್ನಿಂಗ್ಸ್‌ನಲ್ಲಿಯೇ ತೆಗೆದಾಗ ಅಭಿಮಾನಿಗಳು ಸಿಡಿದೇಳುವುದೂ ಮ್ಯಾನೇಜರ್‌ಗಳು ಹಾಗೆ ಮಾಡುವುದೂ ಇದೇ ಕಾರಣದಿಂದ.

ಮೊಣಕೈಗೆ ಏನಾಗುತ್ತದೆ

ಪಿಚರ್ ಚೆಂಡನ್ನು ಎಸೆಯುವಾಗ ದೇಹ ಮುಂದಕ್ಕೆ ತಿರುಗುತ್ತದೆ, ಮುಂಗೈ ಕ್ಷಣಕಾಲ ಹಿಂದೆ ಉಳಿಯುತ್ತದೆ. ಆ ಕ್ಷಣದಲ್ಲಿ ಮೊಣಕೈಯ ಒಳಬದಿ ಬಾಯ್ತೆರೆಯುವಂತೆ ಎಳೆತಕ್ಕೆ ಸಿಲುಕುತ್ತದೆ. ತೋಳಿನ ಮೂಳೆಯನ್ನು ಮುಂಗೈಯ ಒಳಮೂಳೆಗೆ ಬಿಗಿದಿಡುವ ಅಸ್ಥಿರಜ್ಜು ಆ ಎಳೆತದ ದೊಡ್ಡ ಪಾಲನ್ನು ಹೊರುತ್ತದೆ. ಸುತ್ತಲಿನ ಸ್ನಾಯುಗಳು ಉಳಿದ ಪಾಲನ್ನು ಹಂಚಿಕೊಳ್ಳುತ್ತವೆ. ಸ್ನಾಯುಗಳು ದಣಿದಂತೆ ಅಸ್ಥಿರಜ್ಜಿನ ಪಾಲು ಹೆಚ್ಚುತ್ತದೆ. ದಣಿದ ತೋಳಿನಿಂದ ಪೂರ್ಣ ವೇಗದಲ್ಲಿ ಎಸೆಯುವುದು ಅಪಾಯವೆನ್ನುವುದು ಇದಕ್ಕಾಗಿ.

ಕ್ರಿಕೆಟ್ ಬೌಲರ್ ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೇರವಾಗಿಸುವಂತಿಲ್ಲ. ಆದ್ದರಿಂದ ಅವನ ಭಾರ ಬೀಳುವುದು ಹೆಚ್ಚಾಗಿ ಸೊಂಟದ ಬೆನ್ನುಮೂಳೆಯ ಮೇಲೆ. ನಮ್ಮ ಪ್ರಸಿದ್ಧ್ ಕೃಷ್ಣ 2023ರ ಐಪಿಎಲ್ ತಪ್ಪಿಸಿಕೊಂಡದ್ದು ಬೆನ್ನಿನ ಅಂತಹ ಗಾಯದಿಂದಲೇ. ಗಾಯದ ಜಾಗ ಬೇರೆಯಾದರೂ, ಬುಮ್ರಾ ಅವರನ್ನು ಎಷ್ಟು ಟೆಸ್ಟ್‌ಗಳಲ್ಲಿ ಆಡಿಸಬೇಕು ಎಂದು ನಾವು ನಡೆಸುವ ಚರ್ಚೆ ಇದೇ ಬಗೆಯದು.

ಹರಿದ ಅಸ್ಥಿರಜ್ಜಿನ ಜಾಗಕ್ಕೆ ದೇಹದ ಬೇರೆಡೆಯ ಸ್ನಾಯುರಜ್ಜನ್ನು ಕಸಿ ಮಾಡುವ ಶಸ್ತ್ರಚಿಕಿತ್ಸೆಯನ್ನು ಡಾ. ಫ್ರ್ಯಾಂಕ್ ಜೋಬ್ 1974ರಲ್ಲಿ ಮೊದಲ ಬಾರಿಗೆ ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಟಾಮಿ ಜಾನ್ ಎಂಬ ಪಿಚರ್‌ಗೆ ಮಾಡಿದರು. ಜಾನ್ 1976ರಲ್ಲಿ ಮರಳಿ ಬಂದು 1989ರವರೆಗೆ ಆಡಿದರು. ತಮ್ಮ 288 ಗೆಲುವುಗಳಲ್ಲಿ 164ನ್ನು ಚಿಕಿತ್ಸೆಯ ನಂತರವೇ ಗಳಿಸಿದರು. ಚಿಕಿತ್ಸೆಗೆ ಅವರ ಹೆಸರೇ ನಿಂತಿತು. ಈ ಯಶಸ್ಸು ಒಂದು ತಪ್ಪು ನಂಬಿಕೆಯನ್ನೂ ಬೆಳೆಸಿದೆ: ಮೊಣಕೈ ಹೋದರೆ ಹೊಸದನ್ನು ಹಾಕಿಸಿಕೊಂಡರಾಯಿತು ಎಂದು. ಮರಳಲು ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯುತ್ತದೆ, ಕಸಿ ಮಾಡಿದ ರಜ್ಜೂ ಹರಿಯಬಹುದು.

ಸ್ಟ್ರಾಸ್‌ಬರ್ಗ್ ಅವರನ್ನು ನಿಲ್ಲಿಸಿದ ತೀರ್ಮಾನ

ವಾಷಿಂಗ್ಟನ್‌ನ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್ 2009ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಪ್ರಕ್ರಿಯೆ) ಎಲ್ಲರಿಗಿಂತ ಮೊದಲು ಆಯ್ಕೆಯಾದವರು. 2010ರ ಜೂನ್ 8ರಂದು ಪಿಟ್ಸ್‌ಬರ್ಗ್ ವಿರುದ್ಧ ಆಡಿದ ತಮ್ಮ ಮೊದಲ ಪಂದ್ಯದಲ್ಲಿಯೇ 14 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್, ಅಂದರೆ ಹೊಡೆಯಲಾಗದೆ ಹೋದ ಮೂರು ಎಸೆತ, ಆಗಿ ಬ್ಯಾಟರ್ ಔಟಾಗುವುದು) ಗಳಿಸಿದರು. ಆಗಸ್ಟ್‌ನಲ್ಲಿ ಮೊಣಕೈಯ ರಜ್ಜು ಹರಿಯಿತು, ಸೆಪ್ಟೆಂಬರ್‌ನಲ್ಲಿ ಟಾಮಿ ಜಾನ್ ಚಿಕಿತ್ಸೆಯಾಯಿತು, ಸುಮಾರು ಒಂದು ವರ್ಷದ ನಂತರ ಮರಳಿದರು. 2012 ಅವರ ಮೊದಲ ಪೂರ್ಣ ಋತು. ತಂಡ ಕಟ್ಟುವ ಹೊಣೆ ಹೊತ್ತ ಜನರಲ್ ಮ್ಯಾನೇಜರ್ ಮೈಕ್ ರಿಝೋ, ಆ ವರ್ಷ ಅವರನ್ನು ಒಂದು ಮಿತಿಯವರೆಗೆ ಮಾತ್ರ ಆಡಿಸುವುದಾಗಿ ಮೊದಲೇ ಹೇಳಿದ್ದರು. ಅದೇ ಚಿಕಿತ್ಸೆ ಮಾಡಿಸಿಕೊಂಡಿದ್ದ ಸಹ ಆಟಗಾರ ಜೋರ್ಡನ್ ಝಿಮ್ಮರ್‌ಮನ್ ಅವರನ್ನು 2011ರಲ್ಲಿ ಸುಮಾರು 161 ಇನ್ನಿಂಗ್ಸ್‌ಗೆ ನಿಲ್ಲಿಸಿದ್ದೇ ಮಾದರಿಯಾಗಿತ್ತು.

ಆ ವರ್ಷ ತಂಡ ಇಷ್ಟು ಗೆಲ್ಲುತ್ತದೆಂದು ಯಾರೂ ಎಣಿಸಿರಲಿಲ್ಲ. ನ್ಯಾಷನಲ್ಸ್ 98 ಪಂದ್ಯ ಗೆದ್ದು, 1933ರ ನಂತರ ಮೊದಲ ಬಾರಿಗೆ ವಾಷಿಂಗ್ಟನ್ ನಗರಕ್ಕೆ ಅಕ್ಟೋಬರ್ ಬೇಸ್‌ಬಾಲ್ (ಋತುವಿನ ಕೊನೆಯ ಪ್ಲೇಆಫ್ ಪಂದ್ಯಗಳು) ತಂದಿತು. ಆದರೆ ಸ್ಟ್ರಾಸ್‌ಬರ್ಗ್ ಅವರ ಋತು ಸೆಪ್ಟೆಂಬರ್ 7ರಂದೇ 159⅓ ಇನ್ನಿಂಗ್ಸ್‌ಗೆ (⅓ ಎಂದರೆ ಇನ್ನಿಂಗ್ಸ್‌ನ ಮೂರು ಔಟ್‌ಗಳಲ್ಲಿ ಒಂದು) ಮುಗಿದಿತ್ತು. ನಗರವೇ ಎರಡು ಪಕ್ಷವಾಯಿತು. 24ರ ಹರೆಯದ ತೋಳನ್ನು ಕಾಯುವುದು ತಂಡದ ಕರ್ತವ್ಯ ಎಂದರು ಕೆಲವರು. ಇಂತಹ ಅವಕಾಶ ಮತ್ತೆ ಯಾವಾಗ ಬರುತ್ತದೆಂದು ಯಾರಿಗೆ ಗೊತ್ತು ಎಂದರು ಉಳಿದವರು.

ಈ ಎರಡು ಪಕ್ಷಗಳಿಗಿಂತ ಹೆಚ್ಚು ತೂಕವುಳ್ಳದ್ದು ಮೂರನೆಯ ವಾದ. ಮಿತಿ 160 ಎಂದಿದ್ದರೆ ಅದನ್ನು ಏಪ್ರಿಲ್‌ನಿಂದಲೇ ಎಣಿಸತೊಡಗಿದ್ದು ಏಕೆ? ಅದೇ ವರ್ಷ ಅಟ್ಲಾಂಟಾ ಬ್ರೇವ್ಸ್ ತಂಡ ಕ್ರಿಸ್ ಮೆಡ್‌ಲೆನ್ ಅವರನ್ನು ನಡೆಸಿಕೊಂಡ ರೀತಿಯನ್ನು ಗಮನಿಸಿ. ಅವರಿಗೂ 2010ರಲ್ಲಿ ಅದೇ ಚಿಕಿತ್ಸೆಯಾಗಿತ್ತು. ಬ್ರೇವ್ಸ್ ಅವರನ್ನು ಋತುವಿನ ಮೊದಲರ್ಧ ಬುಲ್‌ಪೆನ್‌ನಲ್ಲಿ ಇಟ್ಟು, ಜುಲೈ ಕೊನೆಯಲ್ಲಿ ಸ್ಟಾರ್ಟರ್ ಆಗಿ ಇಳಿಸಿತು. ಅಲ್ಲಿಂದ ಅವರು ಆರಂಭಿಸಿದ 12 ಪಂದ್ಯಗಳನ್ನೂ ತಂಡ ಗೆದ್ದಿತು. ಒಟ್ಟು 138 ಇನ್ನಿಂಗ್ಸ್‌ನಲ್ಲಿ ನಿಯಮಿತ ಋತು ಮುಗಿಸಿ ಅಕ್ಟೋಬರ್‌ನಲ್ಲಿಯೂ ಆಡಿದರು. ಬುಲ್‌ಪೆನ್ ಇಲ್ಲಿ ಮೊಣಕೈಯನ್ನು ಕಾಯುವ ಸಾಧನವಾಯಿತು. ರಿಝೋ ಅವರ ತಪ್ಪು ಸ್ಟ್ರಾಸ್‌ಬರ್ಗ್ ಅವರನ್ನು ನಿಲ್ಲಿಸಿದ್ದಲ್ಲ, ಇನ್ನಿಂಗ್ಸ್‌ಗಳನ್ನು ಅಕ್ಟೋಬರ್‌ಗೆ ಉಳಿಯುವಂತೆ ಹಂಚದೆ ಇದ್ದದ್ದು ಎಂಬುದು ನನ್ನ ನಿಲುವು. ಆದರೆ ಇಲ್ಲಿ ಎಚ್ಚರಿಕೆಯೂ ಬೇಕು. ಅಷ್ಟು ಜಾಗರೂಕತೆಯಿಂದ ನಡೆಸಿಕೊಂಡ ಮೆಡ್‌ಲೆನ್ ಅವರ ಮೊಣಕೈಗೆ 2014ರ ಮಾರ್ಚ್‌ನಲ್ಲಿ ಎರಡನೆಯ ಸಲ ಅದೇ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಹಂಚುವಿಕೆ ಅಕ್ಟೋಬರ್ ಅನ್ನು ಉಳಿಸಬಹುದು. ರಜ್ಜನ್ನು ಉಳಿಸುತ್ತದೆಂಬ ಖಾತರಿಯಿಲ್ಲ.

ಒಂಬತ್ತನೆಯ ಇನ್ನಿಂಗ್ಸ್

ಸೇಂಟ್ ಲೂಯಿಸ್ ಕಾರ್ಡಿನಲ್ಸ್ ವಿರುದ್ಧದ ಐದು ಪಂದ್ಯಗಳ ಸರಣಿ 2–2ರಲ್ಲಿತ್ತು. ಅಕ್ಟೋಬರ್ 12ರ ಕೊನೆಯ ಪಂದ್ಯದಲ್ಲಿ ವಾಷಿಂಗ್ಟನ್ ಮೂರು ಇನ್ನಿಂಗ್ಸ್‌ಗಳೊಳಗೆ 6–0 ಮುಂದಿತ್ತು. ಕಾರ್ಡಿನಲ್ಸ್ ಒಂದೊಂದೇ ರನ್ ಕಿತ್ತುಕೊಂಡು ಹತ್ತಿರ ಬಂದಿತು. ಎಂಟನೆಯ ಇನ್ನಿಂಗ್ಸ್‌ನಲ್ಲಿ ಟೈಲರ್ ಕ್ಲಿಪರ್ಡ್ ಎಸೆತಕ್ಕೆ ಡೇನಿಯಲ್ ಡೆಸ್ಕಾಲ್ಸೊ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಬೇಲಿ ದಾಟುವ ಹೊಡೆತ) ಹೊಡೆದು ಅಂತರವನ್ನು 6–5ಕ್ಕೆ ಇಳಿಸಿದರು. ವಾಷಿಂಗ್ಟನ್ ಇನ್ನೊಂದು ರನ್ ಸೇರಿಸಿತು. 7–5ರ ಮುನ್ನಡೆ ಕಾಯಲು ಮ್ಯಾನೇಜರ್ ಡೇವಿ ಜಾನ್ಸನ್ ಕ್ಲೋಸರ್ ಡ್ರೂ ಸ್ಟೋರೆನ್ ಅವರನ್ನು ಕರೆಸಿದರು.

ಸ್ಟೋರೆನ್ ಅವರ ಸ್ಥಿತಿಯನ್ನು ಗಮನಿಸಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಅವರ ಮೊಣಕೈಯಿಂದ ಮೂಳೆಯ ಚೂರನ್ನು ತೆಗೆಯಲಾಗಿತ್ತು, ಜುಲೈನಲ್ಲಿ ಮರಳಿದ್ದರು. ಹಿಂದಿನ ದಿನವೂ ಒಂಬತ್ತನೆಯ ಇನ್ನಿಂಗ್ಸ್ ಎಸೆದಿದ್ದರು. ಮೊದಲ ಎಸೆತಗಳಲ್ಲಿಯೇ ಕಾರ್ಲೋಸ್ ಬೆಲ್ಟ್ರಾನ್ ಡಬಲ್ (ಓಟದ ನಿಲ್ದಾಣಗಳಾದ ಬೇಸ್‌ಗಳಲ್ಲಿ ಎರಡನೆಯದನ್ನು ತಲುಪಿಸುವ ಹೊಡೆತ) ಹೊಡೆದರು. ನಂತರದ ಇಬ್ಬರು ಔಟಾದರು. ಯಾಡಿಯರ್ ಮೊಲಿನಾ, ಡೇವಿಡ್ ಫ್ರೀಸ್ ಇಬ್ಬರಿಗೂ ಎರಡೆರಡು ಸ್ಟ್ರೈಕ್ ಆದ ಮೇಲೂ ಕೊನೆಯ ಸ್ಟ್ರೈಕ್ ಸಿಗದೆ ಇಬ್ಬರೂ ವಾಕ್ (ನಾಲ್ಕು ಕೆಟ್ಟ ಎಸೆತಗಳಿಗೆ ಉಚಿತವಾಗಿ ಸಿಗುವ ಮೊದಲ ಬೇಸ್) ಪಡೆದರು. ಗೆಲುವು ಒಂದೇ ಸ್ಟ್ರೈಕ್‌ನಷ್ಟು ದೂರವಿದ್ದ ಎಸೆತಗಳು ಒಂದಲ್ಲ, ಹಲವು. ಬಳಿಕ ಡೆಸ್ಕಾಲ್ಸೊ ಸಿಂಗಲ್‌ಗೆ ಎರಡು ರನ್, ಪೀಟ್ ಕೋಝ್ಮಾ ಸಿಂಗಲ್‌ಗೆ ಇನ್ನೆರಡು. ಪಂದ್ಯ 9–7ಕ್ಕೆ ಕೈತಪ್ಪಿತು.

ಸ್ಟ್ರಾಸ್‌ಬರ್ಗ್ ಇದ್ದಿದ್ದರೆ ಗೆಲ್ಲುತ್ತಿದ್ದೆವು ಎಂದು ಅಭಿಮಾನಿಗಳು ಈ ಇನ್ನಿಂಗ್ಸ್ ಅನ್ನೇ ತೋರಿಸುತ್ತಾರೆ. ಇದು ಭಾವಕ್ಕೆ ಹತ್ತಿರ, ಲೆಕ್ಕಕ್ಕೆ ದೂರ. ಮೊದಲೇ ಬಂದ ಆರು ರನ್‌ಗಳ ಮುನ್ನಡೆಯನ್ನು ಕಳೆದದ್ದು ಸ್ಟಾರ್ಟರ್ ಕೊರತೆಯಿಂದ ಮಾತ್ರವಲ್ಲ. ಅವರ ಗೈರುಹಾಜರಿ ಕಾಣುವುದು ಅದಕ್ಕೆ ಮೊದಲು: ಝಿಮ್ಮರ್‌ಮನ್ ಆರಂಭಿಸಿದ ಎರಡನೆಯ ಪಂದ್ಯವನ್ನು ತಂಡ 12–4ರಿಂದ, ಎಡ್ವಿನ್ ಜಾಕ್ಸನ್ ಆರಂಭಿಸಿದ ಮೂರನೆಯದನ್ನು 8–0ಯಿಂದ ಸೋತಿತ್ತು. ಅವುಗಳಲ್ಲಿ ಒಂದು ಉಳಿದಿದ್ದರೂ ಐದನೆಯ ಪಂದ್ಯ, ದಣಿದ ಬುಲ್‌ಪೆನ್, ಒಂದೂ ಬೇಕಾಗುತ್ತಿರಲಿಲ್ಲ. ಇನ್ನೊಂದು ಬದಿಯನ್ನೂ ಹೇಳಬೇಕು. ಸ್ಟ್ರಾಸ್‌ಬರ್ಗ್ ಇದ್ದಿದ್ದರೆ ಬಹುಶಃ ಜಾಗ ಬಿಡಬೇಕಾಗುತ್ತಿದ್ದವರು ರಾಸ್ ಡೆಟ್‌ವೈಲರ್. ನಾಲ್ಕನೆಯ ಪಂದ್ಯವನ್ನು 2–1ರಿಂದ ಗೆಲ್ಲಲು ಆರು ಇನ್ನಿಂಗ್ಸ್ ಅಮೋಘವಾಗಿ ಎಸೆದವರು ಅವರೇ.

ಸ್ಟೋರೆನ್ ಅವರನ್ನು ಕರೆಸಿದ್ದು ತಪ್ಪು ತೀರ್ಮಾನ ಎಂದು ನಾನು ಒಪ್ಪುವುದಿಲ್ಲ. ಫಲಿತಾಂಶ ಕೆಟ್ಟದಾಯಿತು, ಅಷ್ಟೆ. ನಿಜವಾದ ತಪ್ಪು ತೀರ್ಮಾನ ಹೇಗಿರುತ್ತದೆ ಎಂಬುದಕ್ಕೆ 2016ರ ಅಕ್ಟೋಬರ್ 4ರಂದು ಟೊರಾಂಟೊದಲ್ಲಿ ನಡೆದ ವೈಲ್ಡ್ ಕಾರ್ಡ್ ಪಂದ್ಯವಿದೆ. ಆ ಋತುವಿನಲ್ಲಿ 47 ಸೇವ್ ಅವಕಾಶಗಳಲ್ಲಿ 47ನ್ನೂ ಗೆದ್ದ ಝ್ಯಾಕ್ ಬ್ರಿಟನ್ ಬಾಲ್ಟಿಮೋರ್ ಬುಲ್‌ಪೆನ್‌ನಲ್ಲಿಯೇ ಉಳಿದರು. ಸಮಬಲದ ಪಂದ್ಯದಲ್ಲಿ, ಮುನ್ನಡೆ ಬರಲೆಂದು ಅವರನ್ನು ಕಾಯ್ದಿಟ್ಟ ಮ್ಯಾನೇಜರ್ ಬಕ್ ಶೋವಾಲ್ಟರ್, 11ನೆಯ ಇನ್ನಿಂಗ್ಸ್‌ನಲ್ಲಿ ಉಬಾಲ್ಡೊ ಹಿಮೆನೆಸ್ ಅವರ ಕೈಗೆ ಚೆಂಡು ಕೊಟ್ಟರು; ಎಡ್ವಿನ್ ಎನ್‌ಕಾರ್ನಸಿಯಾನ್ ಮೂರು ರನ್‌ಗಳ ಹೋಮ್ ರನ್ ಹೊಡೆದು ಋತುವನ್ನೇ ಮುಗಿಸಿದರು. ಸೋತರೆ ನಾಳೆ ಎಂಬುದೇ ಇಲ್ಲದ ಪಂದ್ಯದಲ್ಲಿ ನಾಳೆಗೆಂದು ತೋಳನ್ನು ಉಳಿಸುವುದಕ್ಕೆ ಅರ್ಥವಿಲ್ಲ. ಇದನ್ನು ಹೇಳಲು ಫಲಿತಾಂಶ ತಿಳಿದಿರಬೇಕಾಗಿರಲಿಲ್ಲ.

ಹಾರ್ವಿ: ಪ್ರೇಕ್ಷಕರೇ ಕೇಳಿದ್ದು

2015ರ ನ್ಯೂಯಾರ್ಕ್ ಮೆಟ್ಸ್ ತಂಡ ವಾಷಿಂಗ್ಟನ್‌ನ ದಾರಿಗೆ ವಿರುದ್ಧವಾದ ದಾರಿ ಹಿಡಿಯಿತು. ಮ್ಯಾಟ್ ಹಾರ್ವಿಗೆ 2013ರಲ್ಲಿ ಟಾಮಿ ಜಾನ್ ಚಿಕಿತ್ಸೆಯಾಗಿತ್ತು, 2014ನ್ನು ಪೂರ್ತಿ ಕಳೆದುಕೊಂಡಿದ್ದರು. ಸೆಪ್ಟೆಂಬರ್‌ನಲ್ಲಿ ಅವರ ಏಜೆಂಟ್ ಸ್ಕಾಟ್ ಬೋರಸ್ 180 ಇನ್ನಿಂಗ್ಸ್‌ಗಳ ಮಿತಿಯ ಮಾತೆತ್ತಿದಾಗ ಅಭಿಮಾನಿಗಳು ಕೆರಳಿದರು. ಹಾರ್ವಿ ಆಡಿದರು.

ನವೆಂಬರ್ 1ರಂದು, ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಐದನೆಯ ಪಂದ್ಯದಲ್ಲಿ ಕ್ಯಾನ್ಸಸ್ ಸಿಟಿಗೆ ಎಂಟು ಇನ್ನಿಂಗ್ಸ್ ಒಂದು ರನ್ನೂ ಬಿಡದೆ 102 ಎಸೆತ ಎಸೆದಿದ್ದರು. ಮೆಟ್ಸ್ 2–0 ಮುಂದಿತ್ತು. ಒಂಬತ್ತಕ್ಕೆ ಕ್ಲೋಸರ್ ಹ್ಯೂರಿಸ್ ಫೆಮಿಲಿಯಾ ಎಂದು ಮ್ಯಾನೇಜರ್ ಟೆರಿ ಕಾಲಿನ್ಸ್ ನಿರ್ಧರಿಸಿಯಾಗಿತ್ತು. ಹಾರ್ವಿ ಡಗ್‌ಔಟ್‌ನಲ್ಲಿ ಅವರೆದುರು ನಿಂತು ತಾನು ಹೊರಗೆ ಹೋಗುವುದಿಲ್ಲವೆಂದು ಹಟ ಹಿಡಿದರು. ಮೆಟ್ಸ್‌ನ ಸಿಟಿ ಫೀಲ್ಡ್ ಮೈದಾನದ ತುಂಬ ಹಾರ್ವಿಯ ಹೆಸರೇ ಮೊಳಗುತ್ತಿತ್ತು. ಕಾಲಿನ್ಸ್ ಮನಸ್ಸು ಬದಲಿಸಿದರು. ಲೊರೆಂಝೊ ಕೇನ್ ವಾಕ್ ಪಡೆದು ಎರಡನೆಯ ಬೇಸ್ ಕದ್ದರು (ಎಸೆತದ ಹೊತ್ತಿಗೆ ಓಡಿ ತಲುಪಿದರು), ಎರಿಕ್ ಹಾಸ್ಮರ್ ಡಬಲ್ ಹೊಡೆದರು, ಆಮೇಲೆ ಬಂದ ಫೆಮಿಲಿಯಾಗೆ ಸಿಕ್ಕಿದ್ದು ಒಂದೇ ರನ್ ಅಂತರ, ಜೊತೆಗೆ ಎರಡನೆಯ ಬೇಸ್‌ನಲ್ಲಿ ಓಟಗಾರ. ಸಮಬಲವಾದ ಪಂದ್ಯವನ್ನು ಕ್ಯಾನ್ಸಸ್ ಸಿಟಿ 12ನೆಯ ಇನ್ನಿಂಗ್ಸ್‌ನಲ್ಲಿ ಐದು ರನ್ ಗಳಿಸಿ 7–2ರಿಂದ ಗೆದ್ದು ಪ್ರಶಸ್ತಿ ಪಡೆಯಿತು. ಆ ವರ್ಷ ಹಾರ್ವಿ ಎಸೆದದ್ದು ಒಟ್ಟು 216 ಇನ್ನಿಂಗ್ಸ್.

ಕಾಲಿನ್ಸ್ ಅವರನ್ನು ದೂರುವವರು ಒಂದು ಅಂಶವನ್ನು ಸರಿಯಾಗಿ ಹಿಡಿದಿದ್ದಾರೆ: ಹಾರ್ವಿಯನ್ನು ಬಿಟ್ಟದ್ದಕ್ಕಿಂತ ಕೇನ್ ವಾಕ್ ಪಡೆದ ಮೇಲೂ ಬಿಟ್ಟದ್ದು ದೊಡ್ಡ ತಪ್ಪು. ಒಬ್ಬ ಓಟಗಾರ ಬೇಸ್ ತಲುಪಿದರೆ ತೆಗೆಯುತ್ತೇನೆಂಬ ಷರತ್ತಿನ ಮೇಲೆ ಒಂಬತ್ತನೆಯ ಇನ್ನಿಂಗ್ಸ್ ಕೊಟ್ಟಿದ್ದರೆ ಅದು ಸಮರ್ಥನೀಯವಾಗಿರುತ್ತಿತ್ತು.

ಇಬ್ಬರ ಮುಂದಿನ ವರ್ಷಗಳು

ಸ್ಟ್ರಾಸ್‌ಬರ್ಗ್ 2019ರಲ್ಲಿ 209 ಇನ್ನಿಂಗ್ಸ್ ಎಸೆದು, ಹ್ಯೂಸ್ಟನ್ ವಿರುದ್ಧದ ವರ್ಲ್ಡ್ ಸೀರೀಸ್‌ನಲ್ಲಿ ಎರಡು ಪಂದ್ಯ ಗೆದ್ದು ಸರಣಿಯ ಶ್ರೇಷ್ಠ ಆಟಗಾರರಾದರು. ರಿಝೋ ಅವರ ಪಕ್ಷದವರು ಇದನ್ನು ಸಾಕ್ಷಿಯಾಗಿ ತೋರಿಸುತ್ತಾರೆ. ಆ ಡಿಸೆಂಬರ್‌ನಲ್ಲಿ ಏಳು ವರ್ಷಕ್ಕೆ 24.5 ಕೋಟಿ ಡಾಲರ್‌ಗಳ ಒಪ್ಪಂದವಾಯಿತು. ನಂತರ ಅವರು ಆರಂಭಿಸಿದ್ದು ಕೇವಲ ಎಂಟು ಪಂದ್ಯ. ವಿರೋಧಿಗಳಿಗೆ ಇದು ಸಾಕ್ಷಿ. ಎರಡೂ ಪಕ್ಷಗಳು ಒಂದು ವೈದ್ಯಕೀಯ ಸಂಗತಿಯನ್ನು ದಾಟಿಹೋಗುತ್ತವೆ. 2012ರಲ್ಲಿ ಎಲ್ಲರೂ ಹೆದರಿದ್ದು ಮೊಣಕೈಗೆ, ಆದರೆ ಸ್ಟ್ರಾಸ್‌ಬರ್ಗ್ ಅವರ ಆಟವನ್ನು ಮುಗಿಸಿದ್ದು ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವೆ ನರಗಳು ಒತ್ತಿಕೊಳ್ಳುವ ತೊಂದರೆ. ಅದಕ್ಕಾಗಿ 2021ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. 2022ರಲ್ಲಿ ಒಂದು ಪಂದ್ಯ ಆಡಿದರು, 2024ರಲ್ಲಿ ನಿವೃತ್ತರಾದರು. ಹಾರ್ವಿಗೂ 2016ರ ಜುಲೈನಲ್ಲಿ ಅದೇ ತೊಂದರೆಗೆ ಚಿಕಿತ್ಸೆಯಾಗಿತ್ತು, ಹಳೆಯ ಬಿರುಸು ಮರಳಲಿಲ್ಲ. ಒಬ್ಬರನ್ನು 159ಕ್ಕೆ ನಿಲ್ಲಿಸಿದರು, ಇನ್ನೊಬ್ಬರನ್ನು 216ರವರೆಗೆ ಆಡಿಸಿದರು. ಇನ್ನಿಂಗ್ಸ್‌ಗಳ ಯಾವ ಎಣಿಕೆಯೂ ಆ ಭುಜದ ಗಾಯವನ್ನು ಗಮನದಲ್ಲಿಟ್ಟು ಮಾಡಿದ್ದಾಗಿರಲಿಲ್ಲ.