ಬೈಪಾಸ್ ಬಾಗಿಲನ್ನು ಯಾವಾಗ ಮುಚ್ಚಬೇಕು?

ನಂದಿ ಬೆಟ್ಟದ ಆಸುಪಾಸಿನ ಕೆಲವು ತೋಟದ ಮನೆಗಳಿಗೆ ವಿದೇಶದ ಎರಕದ ಕಬ್ಬಿಣದ ಸೌದೆ ಒಲೆಗಳು ಬಂದಿವೆ. ಅವು ಅಡುಗೆಗಲ್ಲ, ಡಿಸೆಂಬರ್‌ ಚಳಿಗೆ. ಅವುಗಳಲ್ಲಿ ಹೊಗೆಯನ್ನೇ ಸುಡುವ ಕ್ಯಾಟಲಿಟಿಕ್ ಬಿಲ್ಲೆ ಇರುವವೂ ಉಂಟು. ಒಲೆ ಕೂರಿಸಿ ಚಿಮಣಿ ಕಟ್ಟುವ ಕೆಲಸದವನಾದ ನನಗೆ ಅಲ್ಲಿಂದ ಬರುವ ದೂರು ಹೆಚ್ಚುಕಡಿಮೆ ಒಂದೇ: ‘ಇಷ್ಟು ದುಡ್ಡು ಸುರಿದು ತಂದೆವು, ಹೊಗೆ ಮಾತ್ರ ಬಚ್ಚಲಿನ ಹಂಡೆ ಒಲೆಗಿಂತ ಜಾಸ್ತಿ.’ ಹೋಗಿ ನೋಡಿದರೆ ಬಹುತೇಕ ಒಲೆಗಳಲ್ಲಿ ಏನೂ ಕೆಟ್ಟಿರುವುದಿಲ್ಲ. ಬೆಂಕಿ ಹಚ್ಚಿ ಐದು ನಿಮಿಷವಾಗುವಷ್ಟರಲ್ಲೇ, ಹೊಗೆಯನ್ನು ಬಿಲ್ಲೆಗೆ ತಾಗಿಸದೆ ನೇರ ಚಿಮಣಿಗೆ ಬಿಡುವ ಬೈಪಾಸ್ ಬಾಗಿಲನ್ನು ಹಿಡಿ ತಿರುಗಿಸಿ ಮುಚ್ಚಿರುತ್ತಾರೆ, ಅಷ್ಟೆ.

ಸೌದೆ ಕಾದಾಗ ಅದರಿಂದ ಅನಿಲಗಳು ಹೊರಡುತ್ತವೆ. ಸೌದೆಯ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇರುವುದು ಈ ಅನಿಲಗಳಲ್ಲೇ. ಅವು ತಾವಾಗಿ ಪೂರ್ತಿ ಉರಿಯಲು ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್ ಬೇಕು. ಗಾಳಿ ಕಡಿಮೆ ಮಾಡಿ ಸಣ್ಣಗೆ ಉರಿಸಿದಾಗ ಒಲೆಯೊಳಗೆ ಅಷ್ಟು ಬಿಸಿ ಇರುವುದಿಲ್ಲ. ಆಗ ಅನಿಲವೆಲ್ಲ ಹೊಗೆಯಾಗಿ ಚಿಮಣಿ ಹತ್ತುತ್ತದೆ, ತಣ್ಣಗಿನ ಕೊಳವೆಯಲ್ಲಿ ಡಾಂಬರಿನಂತೆ ಅಂಟಿಕೊಳ್ಳುತ್ತದೆ. ಒಂದು ದಿನ ಆ ಅಂಟಿಗೇ ಬೆಂಕಿ ಹತ್ತುವುದೂ ಉಂಟು. ಇದನ್ನು ತಪ್ಪಿಸಲು ಒಲೆಯ ಮೇಲ್ಭಾಗದಲ್ಲಿ ಜೇನುಹುಟ್ಟಿನಂತೆ ತೂತುಗಳಿರುವ ಪಿಂಗಾಣಿ ಬಿಲ್ಲೆಯನ್ನು ಇಟ್ಟಿರುತ್ತಾರೆ. ಅದಕ್ಕೆ ಪೆಲೇಡಿಯಂ ಅಥವಾ ಪ್ಲಾಟಿನಂನ ತೆಳು ಲೇಪನ ಇರುತ್ತದೆ. ಆ ಲೋಹದ ಮೈ ಸವರಿ ಹೋಗುವ ಹೊಗೆ ಸುಮಾರು 260 ಡಿಗ್ರಿಯಲ್ಲೇ ಹೊತ್ತಿಕೊಳ್ಳುತ್ತದೆ.

ಆದರೆ ಆ 260 ಡಿಗ್ರಿಗೆ ಮೊದಲು ಅದು ಬರೀ ಅಡ್ಡಗಟ್ಟಿದ ಜರಡಿ. ಬೈಪಾಸ್ ತೆರೆದಿದ್ದರೆ ಹೊಗೆ ನೇರವಾಗಿ ಚಿಮಣಿಗೆ ಹೋಗುತ್ತದೆ, ಮುಚ್ಚಿದರೆ ಬಿಲ್ಲೆಯ ತೂತುಗಳೊಳಗೆ ನುಸುಳಬೇಕು. ತಣ್ಣಗಿರುವಾಗ ಮುಚ್ಚಿದರೆ ತೂತುಗಳು ಮಸಿ ಕಟ್ಟುತ್ತವೆ, ಚಿಮಣಿಯ ಎಳೆತ ಸತ್ತು ಹೊಗೆ ಕೋಣೆಗೆ ನುಗ್ಗುತ್ತದೆ. ಆದ್ದರಿಂದ ಬೈಪಾಸ್ ತೆರೆದೇ ಇರಲಿ, ಪುಳ್ಳೆಯಿಂದ ಜೋರಾಗಿ ಉರಿ ಎಬ್ಬಿಸಿ, ಬಿಲ್ಲೆಯ ಬಳಿ ಇರುವ ತಾಪಮಾಪಕದ ಮುಳ್ಳನ್ನು ನೋಡುತ್ತಿರಿ. ಗಡಿಯಾರ ನೋಡಬೇಡಿ. ಮುಳ್ಳು 260 ದಾಟಿದ ಮೇಲೆ ಮುಚ್ಚಿ. ಬಿಲ್ಲೆ ಹೊತ್ತಿಕೊಂಡಿದ್ದರೆ ಮುಳ್ಳು ಮೇಲೇರುತ್ತದೆ. ಇಳಿಯತೊಡಗಿದರೆ ಆತುರವಾಯಿತೆಂದು ಅರ್ಥ, ಮತ್ತೆ ತೆರೆಯಿರಿ. ಬಿಲ್ಲೆ ಕೆಂಪಗೆ ಹೊಳೆಯುತ್ತಿಲ್ಲವೆಂದು ಗಾಬರಿಪಡುವವರಿದ್ದಾರೆ. ಹೊಗೆ ಕಡಿಮೆಯಿದ್ದಾಗ ಹೊಳಪಿಲ್ಲದೆಯೂ ಅದು ಕೆಲಸ ಮಾಡುತ್ತಿರುತ್ತದೆ. ನಂಬಬೇಕಾದದ್ದು ಮುಳ್ಳನ್ನು. ಹೊರಗೆ ಹೋಗಿ ಚಿಮಣಿಯ ತುದಿಯನ್ನು ನೋಡಿದರೆ ಇನ್ನೂ ಒಳ್ಳೆಯದು.

ನಡುವೆ ಸೌದೆ ಒಡ್ಡುವಾಗಲೂ ಇದೇ ಶಿಸ್ತು. ಮೊದಲು ಬೈಪಾಸ್ ತೆರೆಯಿರಿ, ಆಮೇಲೆ ಒಲೆಯ ಬಾಗಿಲು, ಅದೂ ನಿಧಾನವಾಗಿ. ಹೊಸ ಸೌದೆ ಚೆನ್ನಾಗಿ ಹತ್ತಿಕೊಂಡ ಮೇಲೆ ಮತ್ತೆ ಮುಚ್ಚುವುದು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಹೊಗೆ ನಿಲ್ಲದಿದ್ದರೆ ಸೌದೆಯನ್ನು ಹಿಡಿದುಕೊಳ್ಳಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸುಲಭವಾಗಿ ಸಿಗುವುದು ನೀಲಗಿರಿ. ಆಗಷ್ಟೇ ಕಡಿದ ಕೊರಡಿನ ತೂಕದಲ್ಲಿ ಸುಮಾರು ಅರ್ಧ ನೀರೇ. ಡಿಪೋದವರು ‘ಒಣಗಿದ್ದು’ ಎನ್ನುವುದು ಹೊರಮೈ ಬೆಳ್ಳಗಾದದ್ದನ್ನು. ಅದನ್ನು ಸೀಳಿ, ಒಳಗಿನ ಹೊಸ ಮೈಗೆ ತೇವ ಅಳೆಯುವ ಮೀಟರಿನ ಎರಡು ಮೊಳೆ ಚುಚ್ಚಿ ನೋಡಿ. ಅಂಕಿ 20 ಶೇಕಡಾದ ಒಳಗಿರಬೇಕು. ಹಸಿ ಸೌದೆಯ ಹಬೆ ಕಾದ ಬಿಲ್ಲೆಗೆ ಬಡಿದರೆ ಪಿಂಗಾಣಿ ಸೀಳು ಬಿಡುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲೇ ಸೀಳಿ, ನೆಲಕ್ಕೆ ತಾಗದಂತೆ ಅಟ್ಟಿ, ಮೇಲಷ್ಟೇ ತಗಡು ಹೊದಿಸಿ ಗಾಳಿಗೆ ಬಿಡಿ. ನಮ್ಮ ಬಿಸಿಲಿಗೆ ಡಿಸೆಂಬರಿನ ಹೊತ್ತಿಗೆ ಸಿದ್ಧವಾಗುತ್ತದೆ. ಹುಣಸೆ, ಜಾಲಿ ಬಿಗಿ ಮರಗಳು, ಸೀಳು ಸಣ್ಣದಿರಲಿ. ಹಚ್ಚುವುದಕ್ಕೆ ರೇಷ್ಮೆ ತೋಟದ ಒಣ ಹಿಪ್ಪುನೇರಳೆ ಕಡ್ಡಿ ಇದ್ದರೆ ಬೇರೇನೂ ಬೇಡ. ಆದರೆ ಅದನ್ನೇ ಒಲೆ ತುಂಬಾ ತುರುಕಬೇಡಿ. ಬಿಲ್ಲೆಗೆ ಹೊಗೆ ತಾಗಬೇಕು, ಜ್ವಾಲೆ ತಾಗಬಾರದು. ತಾಗಿದರೆ ಲೇಪನ ಹಾಳಾಗುತ್ತದೆ.

ಬಣ್ಣ ಬಳಿದ ಹಳೆಯ ಬಾಗಿಲು, ಪ್ಲೈವುಡ್, ಪ್ಲಾಸ್ಟಿಕ್, ಮಿರುಗುವ ಮದುವೆ ಕಾಗದ, ಕಲ್ಲಿದ್ದಲು ಯಾವುದೂ ಈ ಒಲೆಗೆ ಸಲ್ಲದು. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ, ಇಂಥದ್ದೇ ಲೋಹದ ಲೇಪನದಿಂದ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾದಾಗ ಸೀಸರಹಿತ ಪೆಟ್ರೋಲನ್ನೂ ಜೊತೆಗೇ ತರಬೇಕಾಯಿತು. ಕಾರಣ ಇಲ್ಲಿಯದೇ: ಸೀಸ ಈ ಲೋಹಗಳ ಮೈ ಮುಚ್ಚಿಬಿಡುತ್ತದೆ. ಹಳೆಯ ಬಣ್ಣದಲ್ಲಿ ಸೀಸ, ಕಲ್ಲಿದ್ದಲಿನಲ್ಲಿ ಗಂಧಕ. ಬೂದಿಯನ್ನಾದರೆ ಒಲೆ ಪೂರ್ತಿ ಆರಿದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ತೆಗೆಯಬಹುದು. ಸ್ಕ್ರೂಡ್ರೈವರ್‌ನಿಂದ ತೂತು ಬಿಡಿಸಲು ಹೋದ ಮಹಾನುಭಾವರೊಬ್ಬರಿಗೆ ಹೊಸ ಬಿಲ್ಲೆಯನ್ನೇ ತರಿಸಬೇಕಾಯಿತು.

ಶಿಡ್ಲಘಟ್ಟದ ರೀಲರ್‌ಗಳು ತಮ್ಮ ರೇಷ್ಮೆ ನೂಲು ತೆಗೆಯುವ ಒಲೆಗೂ ಈ ಬಿಲ್ಲೆ ಹಾಕಬಹುದೇ ಎಂದು ಕೇಳುತ್ತಾರೆ. ಬೇಡ. ಅಲ್ಲಿ ದಿನವಿಡೀ ಸೌದೆ ತಳ್ಳುತ್ತಲೇ ಇರಬೇಕು, ಬೂದಿ ಹಾರುತ್ತದೆ, ಬಾಯಿ ಸದಾ ತೆರೆದಿರುತ್ತದೆ. ಒಳ್ಳೆಯ ಜಾಲರಿ, ಅಳತೆಯ ಗಾಳಿ, ನೆಟ್ಟಗಿನ ಚಿಮಣಿ ಸಾಕು. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ಅಡುಗೆಮನೆಯ ಹೊಗೆಯನ್ನು ಹೊರಗೆ ಕಳಿಸಿದ್ದು ಇಂಥ ಯಾವ ದುಬಾರಿ ಲೋಹವೂ ಇಲ್ಲದೆ. ಈ ಬಿಲ್ಲೆಯ ಲಾಭವೆಲ್ಲ ರಾತ್ರಿಯಿಡೀ ಸಣ್ಣಗೆ ಉರಿಸುವವರಿಗೆ. ವಾರಾಂತ್ಯಕ್ಕೆ ಬಂದು ಸಂಜೆ ಒಂದು ತಾಸು ಬೆಂಕಿ ಕಾಯಿಸುವವರಿಗೆ ಸಾದಾ ಒಲೆಯೇ ಸಾಕು. ಉಳಿದ ದುಡ್ಡನ್ನು ಚಿಮಣಿಗೆ ಹಾಕಿ. ಅದು ಸೂರಿನಿಂದ ಕನಿಷ್ಠ 3 ಅಡಿ ಮೇಲೇಳಬೇಕು, ಸುತ್ತ 10 ಅಡಿಯೊಳಗೆ ಏನೇ ಇದ್ದರೂ ಅದಕ್ಕಿಂತ 2 ಅಡಿ ಎತ್ತರವಿರಬೇಕು. ಕಿಟಕಿಯಿಂದ ಅಡ್ಡಕ್ಕೆ ಹೊರಬಿಟ್ಟ ಕೊಳವೆಯನ್ನು ನಾನು ಚಿಮಣಿ ಎಂದು ಕರೆಯುವುದಿಲ್ಲ.